ಬಾಯಿಗೆ ತಂತಿ, ಎಲೆಗೆ ಮುದ್ದೆ

ಬಾಯಿ ಮುಚ್ಚಿದರೆ ಹೊಟ್ಟೆ ಕರಗುತ್ತದೆ. ಇಷ್ಟು ಸರಳವಾದ ಸತ್ಯ ಲೋಕಕ್ಕೆ ಯಾಕೆ ಹೊಳೆಯಲಿಲ್ಲ ಎಂದು ನಾನು ಸ್ಟುಡಿಯೋದ ಸ್ಟೂಲಿನ ಮೇಲೆ ಕೂತು ಮರುಗಿದೆ. ಸ್ಟೂಲೂ ಮರುಗಿತು. ಅದರ ಕಾರಣ ಬೇರೆ.

ನಂಜನಗೂಡಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಮುಖ್ಯ ಕಸುಬು ಮದುವೆ ಫೋಟೋ. ಈ ಕಸುಬಿನವನಿಗೆ ಎಲ್ಲರಿಗಿಂತ ಮೊದಲು ತಿಂಡಿ, ಎಲ್ಲರ ಜೊತೆ ಊಟ, ಎಲ್ಲರದೂ ಮುಗಿದ ಮೇಲೆ ‘ಪಾಪ, ಫೋಟೋದೋರು ಉಂಡ್ರೋ ಇಲ್ವೋ’ ಎಂಬ ಕನಿಕರದ ಇನ್ನೊಂದು ಊಟ. ಯಾರ ಕನಿಕರವನ್ನೂ ನಾನು ಅವಮಾನಿಸಿದವನಲ್ಲ. ಹಸಿದು ತಿಂದದ್ದು ಮಾತ್ರ ನೆನಪಿಗೆ ಬರುವುದಿಲ್ಲ. ಕೈ ತಾನಾಗಿ ಹೋಗುತ್ತಿತ್ತು, ಬಾಯಿ ತಾನಾಗಿ ತೆರೆಯುತ್ತಿತ್ತು, ನಾನು ಬರೀ ಸಾಕ್ಷಿ. ಬೇಜಾರಾದರೆ ಕೋಡುಬಳೆ, ಖುಷಿಯಾದರೆ ಮೈಸೂರುಪಾಕು, ಎರಡೂ ಆಗದಿದ್ದರೆ ಎರಡೂ!

ನೆನಪಿನ ವಿಷಯಕ್ಕೆ ಮೊದಲೇ ಒಂದು ಮಾತು ಹೇಳಿಬಿಡಬೇಕು. ಮುಹೂರ್ತದ ಗಲಾಟೆಯಲ್ಲಿ ತಾಳಿ ಕಟ್ಟುವ ಗಳಿಗೆ ಕ್ಯಾಮೆರಾಕ್ಕೆ ಸಿಗದಿದ್ದರೆ ನಾನು ಗಂಡಿಗೆ, “ಇನ್ನೊಂದ್ಸಲ ಕಟ್ಟೋ ಹಂಗೆ ಮಾಡಪ್ಪ” ಎನ್ನುತ್ತೇನೆ. ಅವನು ಮಾಡುತ್ತಾನೆ. ಎರಡನೆಯದು ಯಾವಾಗಲೂ ಚೆನ್ನಾಗಿ ಬರುತ್ತದೆ. ಆಲ್ಬಮ್ಮಿಗೆ ಹೋಗುವುದು ಅದೇ. ವರ್ಷಗಳು ಕಳೆದ ಮೇಲೆ ಗಂಡ ಹೆಂಡತಿಗೆ ನೆನಪಿರುವುದೂ ಅದೇ. ಹೀಗೆ ನೆನಪುಗಳನ್ನು ಮಾಡಿ ಮಾರುವವನು ತನ್ನ ನೆನಪನ್ನು ಎಷ್ಟು ನಂಬಬಹುದು? ಆದ್ದರಿಂದ ಮುಂದೆ ನಾನು ತೀರಾ ಚೆನ್ನಾಗಿ ಕಂಡ ಕಡೆಯೆಲ್ಲ, ಅದು ಎರಡನೇ ಸಲ ಕಟ್ಟಿಸಿದ ತಾಳಿ ಎಂದು ತಿಳಿಯಬೇಕು. ಅಂಥ ಜಾಗ ಹೆಚ್ಚೇನೂ ಇಲ್ಲ ಎಂದು ನನ್ನ ಹೆಂಡತಿ ಗಿರಿಜ ಪಕ್ಕದಲ್ಲೇ ಕೂತು ಅಭಿಪ್ರಾಯ ಕೊಡುತ್ತಿದ್ದಾಳೆ.

ನನಗೆ ಜ್ಞಾನೋದಯವಾದದ್ದು ಫೋನಿನ ಒಂದು ವಿಡಿಯೋದಿಂದ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಸುತ್ತಿ ದವಡೆಗಳನ್ನು ಬಿಗಿದುಬಿಡುವುದು. ಬಾಯಿ ತೆರೆಯುವಂತಿಲ್ಲ, ಅಗಿಯುವಂತಿಲ್ಲ. ಹೀರಿದ್ದಷ್ಟೇ ಆಹಾರ. ಕೆಲವು ವಾರಗಳಲ್ಲಿ ಆನೆಯೂ ಜಿಂಕೆಯಾಗುತ್ತದೆ! ಅದಕ್ಕೆ ಹಿಂದಿನ ವಾರವಷ್ಟೇ ಒಂದು ಮದುವೆಯಲ್ಲಿ ನಾನು ಧಾರೆಯ ಫೋಟೋಕ್ಕೆಂದು ಮಂಡಿಯೂರಿ, ಮೇಲೇಳಲಾಗದೆ, ಹೆಣ್ಣಿನ ಕಡೆಯ ಇಬ್ಬರು ನನ್ನನ್ನು ಎತ್ತಿ ನಿಲ್ಲಿಸಿದ್ದರು. ನೆಂಟರೆಲ್ಲ ಧಾರೆ ಬಿಟ್ಟು ಅದರ ಫೋಟೋ ತೆಗೆದುಕೊಂಡಿದ್ದರು. ಗಾಯ ಹಸಿಯಾಗಿತ್ತು. ತಕ್ಷಣ ಮೈಸೂರು ಬಸ್ಸು ಹತ್ತಿದೆ.

ಮೊದಲು ಕಂಡ ಹಲ್ಲಿನ ಡಾಕ್ಟರು ಕೈ ಮುಗಿದುಬಿಟ್ಟರು.

“ಇದು ದವಡೆ ಮುರಿದೋರಿಗೆ ಮಾಡೋದು ಕಣ್ರೀ. ತೂಕಕ್ಕೆ ಅಂತ ಮಾಡಿದ್ರೆ, ಬಿಚ್ಚಿದ ಮೇಲೆ ಮೊದಲಿನ ಥರಾನೇ ಆಗ್ತೀರಿ. ನಿಮ್ಮ ತೊಂದರೆ ಬಾಯಲ್ಲಿಲ್ಲ.”

“ಮತ್ತೆ ಎಲ್ಲಿದೆ ಡಾಕ್ಟ್ರೇ?”

ಅವರು ಬೆರಳನ್ನು ನನ್ನ ತಲೆಯ ಕಡೆಗೆ ಎತ್ತಿದರು. ಅವರು ಫ್ಯಾನ್ ತೋರಿಸುತ್ತಿದ್ದಾರೆ ಎಂದುಕೊಂಡು ನಾನು ಬೇರೆ ಡಾಕ್ಟರನ್ನು ಹುಡುಕಿದೆ.

ಎರಡನೆಯವರು ಅರ್ಧ ಮನಸ್ಸಿನಿಂದ ಒಪ್ಪಿ, ಪೂರ್ತಿ ಬಾಯಿಯನ್ನು ಬಿಗಿದರು. ಕೊನೆಗೆ ಒಂದು ಪುಟ್ಟ ವೈರ್ ಕಟರ್ ನನ್ನ ಕೈಗಿಟ್ಟು, “ಇದು ಯಾವಾಗಲೂ ಜೇಬಲ್ಲಿರಬೇಕು. ವಾಂತಿ ಬಂದರೆ, ಉಸಿರು ಕಟ್ಟಿದರೆ ಕೂಡಲೇ ತಂತಿ ಕತ್ತರಿಸಬೇಕು. ಪ್ರಾಣಾಪಾಯ ಇದ್ದರೆ ಮಾತ್ರ. ಒಗ್ಗರಣೆ ವಾಸನೆ ಬಂತು ಅಂತ ಅಲ್ಲ” ಎಂದರು. ಈ ಡಾಕ್ಟರಿಗೆ ನನ್ನ ಪರಿಚಯ ಅಷ್ಟು ಬೇಗ ಹೇಗಾಯಿತೋ!

ಮನೆಗೆ ಬಂದೆ. ಗಿರಿಜ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು.

“ರೀ, ಏನಾದ್ರೂ ಮಾತಾಡಿ ನೋಡಣ.”

“ಹ್ಮ್‌ಮ್.”

“ದೇವ್ರು ಅವ್ನೆ ಕಣ್ರೀ!”

ಸಂಜೆಯ ಹೊತ್ತಿಗೆ ಪಕ್ಕದ ಮನೆಯವರಿಗೆ ಅವಳು ಹೇಳುತ್ತಿದ್ದದ್ದು ಕಿವಿಗೆ ಬಿತ್ತು: “ಮದುವೆಯಾದಾಗಿಂದ ಇವತ್ತೇ ಕಣ್ರೀ, ನಾನು ಸುರು ಮಾಡಿದ ಮಾತ್ನ ನಾನೇ ಮುಗ್ಸಿದ್ದು!”

ದಿನ ಕಳೆದಂತೆ ಹಲ್ಲಿನ ಸಂದಿಯಿಂದಲೇ ಮಾತಾಡುವುದನ್ನು ಕಲಿತೆ. ತೊಂದರೆಯೆಂದರೆ, ಹಲ್ಲು ಕಚ್ಚಿಕೊಂಡು ಆಡಿದ ಯಾವ ಮಾತೂ ಪ್ರೀತಿಯ ಮಾತಾಗಿ ಕೇಳಿಸುವುದಿಲ್ಲ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಗಟ್ಟಿಮುಟ್ಟಾದ ಆಸಾಮಿಯೊಬ್ಬನಿಗೆ, “ಸ್ವಲ್ಪ ನಗಿ ಸಾರ್” ಎಂದೆ. ಅವನು ಕುರ್ಚಿಯಿಂದ ಎದ್ದು, “ನಾನೇನ್ ಮಾಡ್ದೆ ಸಾ?” ಎಂದ.

ತೂಕ ಮೊದಮೊದಲು ಇಳಿಯಿತು. ಆಮೇಲೆ ಒಂದು ಅನಾಹುತವಾಯಿತು. ನನ್ನ ಕೊನೆಯ ಹಲ್ಲಿನ ಹಿಂದೆ, ಕೆನ್ನೆಯ ಪಕ್ಕದಲ್ಲಿ, ಒಂದು ಸ್ಟ್ರಾ ನುಗ್ಗುವಷ್ಟು ಸಂದು ಇರುವುದು ಪತ್ತೆಯಾಯಿತು! ಪತ್ತೆ ಮಾಡಿದವನು ನಾನು ಎಂದು ನನ್ನ ನೆನಪು. ತಾನು ಎಂದು ಗಿರಿಜ. ಇಂಥ ಪಾಪಕ್ಕೂ ಇಬ್ಬರು ಹಕ್ಕುದಾರರು ಹುಟ್ಟಿಕೊಂಡಿರುವುದು ಆಶ್ಚರ್ಯ. ಅಂತೂ ಅಂದಿನಿಂದ ನಮ್ಮ ಮಿಕ್ಸಿಗೆ ವಿಶ್ರಾಂತಿ ಇಲ್ಲ. ರಸಬಾಳೆಯನ್ನು ಹಾಲಿನಲ್ಲಿ ಅರೆದೆ. ಅದು ತಪ್ಪಲ್ಲ, ಹಣ್ಣು. ಬಿಸಿಬೇಳೆಬಾತನ್ನು ಅರೆದೆ. ಅದರಲ್ಲೂ ತರಕಾರಿ ಇದೆ. ಮಸಾಲೆ ದೋಸೆಯನ್ನು ಪಲ್ಯ, ಚಟ್ನಿ ಸಮೇತ ಮಿಕ್ಸಿಗೆ ಹಾಕಿದ ದಿನ ಗಿರಿಜ ಅಡುಗೆಮನೆಯಿಂದ ಹೊರಗೆ ನಡೆದಳು.

“ಇದು ಮನೆನೋ ಹಿಟ್ಟಿನ ಮಿಷನ್ನೋ? ಅದನ್ನ ಕುಡಿಯೋದ ನೋಡಕ್ಕೆ ನನ್ ಕೈಲಾಗಲ್ಲ ಕಣ್ರೀ.”

ಕುಡಿಯಲು ನನ್ನ ಕೈಲಾಯಿತು. ತೂಕದ ಯಂತ್ರದ ಮುಳ್ಳು ಕೆಳಗೆ ಹೋಗುವುದನ್ನು ನಿಲ್ಲಿಸಿ, ಸ್ವಲ್ಪ ಯೋಚಿಸಿ, ಮತ್ತೆ ಮೇಲೆ ನೋಡತೊಡಗಿತು.

ಇಂಥ ಹೊತ್ತಿನಲ್ಲಿ ದೇವನೂರಿನಿಂದ ಅಕ್ಕ ಫೋನ್ ಮಾಡಿದಳು. ಅವಳ ಮಗಳು ಚಂದನ ಕಳಲೆಯ ಸ್ಕೂಲಿನಲ್ಲಿ ಟೀಚರು. ಟಿ. ನರಸೀಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಮನು ಎಂಬ ಹುಡುಗನನ್ನು ತಾನೇ ನೋಡಿ ತಾನೇ ಒಪ್ಪಿಕೊಂಡಿದ್ದಳು. ಹುಡುಗನ ಮನೆ ಸೋಸಲೆಯಲ್ಲಿ. ಭಾನುವಾರ ನಾವು ಹೆಣ್ಣಿನ ಕಡೆಯವರು ಮನೆ ನೋಡಲು ಹೋಗಬೇಕು. ಭಾವ ತೀರಿಕೊಂಡ ಮೇಲೆ ಆ ಮನೆಯ ಶುಭಕ್ಕೆಲ್ಲ ಸೋದರಮಾವನಾದ ನಾನೇ ಮುಂದೆ ನಿಲ್ಲುವವನು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮನೆ ನೋಡಲು ಹೋದವರು ಸಂಬಂಧ ಇಷ್ಟವಾಗದಿದ್ದರೆ ಬಾಯಿ ಬಿಟ್ಟು ‘ಬೇಡ’ ಎನ್ನುವುದಿಲ್ಲ. ಅದು ಒರಟು. ಊಟ ಮಾಡದೆ ಎದ್ದು ಬರುತ್ತಾರೆ, ಅಷ್ಟೆ. ಇಷ್ಟವಾದರೆ ಎಲೆಯ ಮುಂದೆ ಕೂರುತ್ತಾರೆ. ಹೆಣ್ಣಿನ ಕಡೆಯ ಹಿರಿಯ ಮೊದಲ ತುತ್ತು ಬಾಯಿಗಿಟ್ಟರೆ ಸಂಬಂಧ ಕೂಡಿತು. ಇಡದಿದ್ದರೆ ಮುರಿಯಿತು. ಮಾತಿಲ್ಲ, ಕತೆಯಿಲ್ಲ.

ಆ ಹಿರಿಯ ನಾನು. ನನ್ನ ಬಾಯಿಗೆ ತಂತಿ!

“ಅವ್ರಿಗೆ ವಿಷ್ಯ ಹೇಳಿಬಿಡಣ ಅಕ್ಕ” ಎಂದೆ.

“ಬಾಯಿಗೆ ತಂತಿ ಹಾಕುಸ್ಕೊಳೋವಷ್ಟು ತಿನ್ನೋ ವಂಶ ಅಂತ ಗೊತ್ತಾದ್ರೆ ನನ್ ಮಗಳ್ನ ಯಾರ್ ತಕ್ಕೊಂಡಾರು? ಹಲ್ಲುನೋವು ಅಂದ್ಬುಡು. ಪಾಯಸ ಬಡುಸ್ತಾರೆ, ನಿನ್ ಪೀಪೀಲಿ ಒಂದ್ಸಲ ಹೀರ್ಬುಡು. ಮುಗೀತು.”

ಅಷ್ಟರಲ್ಲಿ ಚಂದನ ಫೋನ್ ಕಿತ್ತುಕೊಂಡಳು. “ಮಾವ, ಜೀವಮಾನವೆಲ್ಲ ನೀವು ತಿಂದಿದ್ದು ನಿಮಗೋಸ್ಕರ. ಭಾನುವಾರ ಒಂದು ಗುಟುಕು ನನಗೋಸ್ಕರ. ಆಯ್ತಾ?”

ಅವಳು ಚಿಕ್ಕವಳಿದ್ದಾಗ ಅವಳ ತಟ್ಟೆಯ ಚಕ್ಕುಲಿಯನ್ನೂ ತಿಂದವನು ನಾನು. “ಹ್ಮ್” ಎಂದೆ. ಹೆದರಿಸಿದಂತೆ ಕೇಳಿಸಿತಂತೆ.

ಭಾನುವಾರ ಹೊರಡುವಾಗ ಬಿಳಿ ಅಂಗಿ ತೆಗೆದು ರೇಷ್ಮೆ ಅಂಗಿ ಹಾಕಿಕೊಂಡೆ. ಇಲ್ಲಿ ಎರಡು ಪಾಠಗಳಿವೆ. ‘ಸೋದರಮಾವ ಅಂದ್ರೆ ರೇಷ್ಮೆ ಬೇಕು’ ಎಂದವಳು ಗಿರಿಜ, ಇದು ನನ್ನ ಪಾಠ. ‘ರೇಷ್ಮೇಲಿ ಹೊಟ್ಟೆ ಕಾಣಲ್ಲ’ ಎಂದು ನಾನೇ ಹಾಕಿಕೊಂಡೆ, ಇದು ಅವಳದು. ಎರಡು ಪಾಠಗಳಲ್ಲೂ ಬದಲಾಗದೆ ಉಳಿದಿರುವ ಅಂಶ ಒಂದೇ. ಸ್ಟ್ರಾ ಮತ್ತು ವೈರ್ ಕಟರ್ ಬಿಳಿ ಅಂಗಿಯ ಜೇಬಿನಲ್ಲೇ ಉಳಿದವು!

ಸೋಸಲೆಯಲ್ಲಿ ಭವ್ಯ ಸ್ವಾಗತ. ಹುಡುಗನ ತಂದೆ ಬೋರೇಗೌಡರು ಎರಡೂ ಕೈ ಹಿಡಿದು ಒಳಗೆ ಕರೆದೊಯ್ದರು. “ಬನ್ನಿ ಬನ್ನಿ ಫೋಟೋ ಸಾ! ನಮ್ ಬಾಮೈದನ ಬೀಗ್ರೂಟದಲ್ಲಿ ನೀವು ಉಂಡುದ್ನ ನಾವು ಇನ್ನೂ ಮಾತಾಡ್ಕತೀವಿ. ಅಡುಗೆಯೋರು ಒಲೆ ಆರ್ಸಿ ಮತ್ತೆ ಅಚ್ಚಿದ್ರಲ್ಲ! ಅದ್ಕೆ ಇವತ್ತು ನಮ್ಮವ್ವ ತಾನೇ ಒಲೆ ಮುಂದೆ ಕುಂತವ್ಳೆ. ನಿಮ್ ಬಾಯಲ್ಲಿ ಭೇಷ್ ಅನ್ನುಸ್ಬೇಕು ಅಂತ.”

ನನ್ನ ಕೀರ್ತಿ ನನಗಿಂತ ಮೊದಲೇ ಬಂದು ಎಲೆಯ ಮುಂದೆ ಕೂತಿತ್ತು. ನಾನು ತುಟಿ ಅಗಲಿಸಿ ನಕ್ಕೆ. ತಂತಿ ಕಾಣಬಾರದೆಂದು ಕೂಡಲೇ ತುಟಿ ಮುಚ್ಚಿದೆ. ಬೋರೇಗೌಡರ ಮುಖ ಸ್ವಲ್ಪ ಬಾಡಿತು.

ಮಾತುಕತೆ ಚೆನ್ನಾಗಿಯೇ ನಡೆಯಿತು. ಮಾತಾಡಿದವರು ಅಕ್ಕ ಮತ್ತು ಗಿರಿಜ. ನಾನು ನಡುನಡುವೆ “ಹೌದು” ಎನ್ನುತ್ತಿದ್ದೆ. ನನ್ನ ಪ್ರತಿ ‘ಹೌದು’ಗೂ ಗಂಡಿನ ಕಡೆಯವರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು. ಹುಡುಗ ಮನು ಗೋಡೆಗೊರಗಿ ನಿಂತು ನನ್ನ ದವಡೆಯನ್ನೇ ನೋಡುತ್ತಿದ್ದ.

ಎಲೆ ಹಾಕಿದರು. ಮಧ್ಯದ ಎಲೆ ನನ್ನದು. ಹಿತಕಿದ ಅವರೆಬೇಳೆ ಸಾರು, ಹೊಗೆಯಾಡುವ ಮುದ್ದೆ, ಪಲ್ಯ, ಕೋಸಂಬರಿ, ಬಟ್ಟಲಿನಲ್ಲಿ ಗಸಗಸೆ ಪಾಯಸ. ಹಿತಕಿದಬೇಳೆಯ ಆ ವಾಸನೆಗೆ ಕಣ್ಣಲ್ಲಿ ನೀರು ಬಂತು. ಬಾಯಲ್ಲೂ ಬಂತು, ಹೊರಗೆ ಹೋಗಲು ದಾರಿ ಕಾಣದೆ ಒಳಗೇ ಉಳಿಯಿತು. ಜೇಬಿಗೆ ಕೈ ಹಾಕಿದೆ. ರೇಷ್ಮೆ ಜೇಬು. ಖಾಲಿ!

ಗಿರಿಜಳ ಕಡೆ ನೋಡಿದೆ. ಅವಳು ನನ್ನ ಜೇಬು ನೋಡಿದಳು. ಅಕ್ಕ ನಮ್ಮಿಬ್ಬರನ್ನೂ ನೋಡಿದಳು. ಬೋರೇಗೌಡರ ಅವ್ವ, ಬೆನ್ನು ಬಾಗಿದ ಅಜ್ಜಿ, ಸೌಟು ಹಿಡಿದು ನನ್ನ ಎಲೆಯ ಮುಂದೆಯೇ ನಿಂತಿತ್ತು.

“ಉಣ್ಣಪ್ಪ.”

ಧೈರ್ಯ ಮಾಡಿದೆ. ಸ್ಟ್ರಾ ಇಲ್ಲದಿದ್ದರೇನು, ಹಲ್ಲಿನ ಸಂದಿಯಿಂದಲೇ ಹೀರಿದರಾಯಿತು! ಪಾಯಸದ ಬಟ್ಟಲನ್ನು ತುಟಿಗೆ ಹಚ್ಚಿ ಉಸಿರು ಎಳೆದೆ. ಅಜ್ಜಿ ಗಸಗಸೆಯನ್ನು ಗಟ್ಟಿಯಾಗಿ ಅರೆದಿತ್ತು. ಪಾಯಸ ಹಲ್ಲಿನ ತನಕ ಬಂದು ತಂತಿ ನೋಡಿ ಹಿಂತಿರುಗಿತು. ಒಂದು ಧಾರೆ ಗದ್ದದ ಮೇಲೆ, ಇನ್ನೊಂದು ರೇಷ್ಮೆ ಅಂಗಿಯ ಮೇಲೆ. ಅಷ್ಟರಲ್ಲಿ ಕೆಮ್ಮು ಬಂತು. ಉಳಿದದ್ದು ಎಲೆಯ ಮೇಲೆ ಸಿಡಿಯಿತು.

ಪಕ್ಕದ ಎಲೆಯವರು ತಮ್ಮ ಎಲೆ ಆಚೆಗೆ ಎಳೆದುಕೊಂಡರು.

“ಉಗುದ್‌ಬುಟ್ರಲ್ಲ!” ಎಂದರು ಬೋರೇಗೌಡರು.

“ಇಲ್ಲ ಇಲ್ಲ, ಹಲ್ಲುನೋವು!” ಎಂದಳು ಅಕ್ಕ.

“ಅಲ್ನೋವಾ?” ಅಜ್ಜಿ ಸೌಟು ಕೆಳಗಿಟ್ಟಿತು. “ಅಲ್ನೋವಾದ್ರೆ ಕೋಸಂಬ್ರಿ ಬುಡ್ಲಿ. ಮುದ್ದೆ ನುಂಗಕ್ಕೆ ಅಲ್ಲು ಯಾಕವ್ವಾ ಬೇಕು? ನನ್ ಬಾಯಲ್ಲಿ ಒಂದ್ ಅಲ್ಲಿಲ್ಲ. ಒತ್ತಾರೆಯೇ ಮುದ್ದೆ ಉಂಡು ಕುಂತಿವ್ನಿ.”

ಇಡೀ ಪಂಕ್ತಿ ನನ್ನ ಎಲೆಯ ಮುದ್ದೆಯನ್ನು ನೋಡಿತು. ಮುದ್ದೆ ನನ್ನನ್ನು ನೋಡಿತು. ನಾನು ಹೇಳಬೇಕೆಂದುಕೊಂಡದ್ದು, ‘ಅಜ್ಜಿ, ದಯವಿಟ್ಟು ಬೇಜಾರು ಮಾಡ್ಕೋಬೇಡಿ.’ ಕಚ್ಚಿದ ಹಲ್ಲಿನಿಂದ ಅದು ಹೊರಬಂದಾಗ ಎದುರು ಎಲೆಯವನು ಹಿಂದಕ್ಕೆ ಸರಿದ.

ಬೋರೇಗೌಡರು ಎದ್ದು ನಿಂತರು. “ಇಷ್ಟ ಇಲ್ಲ ಅಂದ್ರೆ ಮರ್ಯಾದೆಯಿಂದ ಎದ್ದೋಗ್ಬೇಕಾಗಿತ್ತು ಸಾ. ಇಂಗೆ ಎಲೆ ಮೇಲೆ ಉಗುದು, ಅಲ್ಕಡುದು, ನಮ್ಮವ್ವನ್ ಎದ್ರುಸ್ಬಾರ್ದಾಗಿತ್ತು. ಲೇ, ಎಲೆ ಎತ್ರುಲಾ.”

ಅಕ್ಕನ ಮುಖ ನೋಡಿದೆ. ಭಾವ ಹೋದ ದಿನ ಅವಳ ಮುಖ ಹೀಗೆಯೇ ಇತ್ತು. ದೇವನೂರಿನಲ್ಲಿ ಚಂದನ ಫೋನ್ ಹಿಡಿದು ಕಾಯುತ್ತಿದ್ದಾಳೆ ಎನ್ನುವುದು ಎದೆಗೆ ಬಂದು ಬಡಿಯಿತು. ಜೀವಮಾನವೆಲ್ಲ ಬೇಡದ ಕಡೆ ತಿಂದವನು, ತಿನ್ನಲೇಬೇಕಾದ ಒಂದೇ ಒಂದು ತುತ್ತನ್ನು ತಿನ್ನಲಾಗದೆ ಕೂತಿದ್ದೆ.

ಆಗ ಗಿರಿಜ ಎದ್ದಳು. “ಗೌಡ್ರೇ, ಕೂತ್ಕೊಳಿ! ನಮ್ಮೆಜಮಾನ್ರು ಹೊಟ್ಟೆಬಾಕರು. ತಿನ್ನೋದ ನಿಲ್ಸಕ್ಕಾಗ್ದೆ ಬಾಯಿಗೆ ತಂತಿ ಬಿಗುಸ್ಕೊಂಡವ್ರೆ. ರೀ, ತೋರ್ಸ್ರೀ!”

ನಾನು ತುಟಿ ಮೇಲೆತ್ತಿ ತೋರಿಸಿದೆ. ಪಂಕ್ತಿಯವರು ಒಬ್ಬೊಬ್ಬರಾಗಿ ಎದ್ದು ಬಂದು ಬಗ್ಗಿ ನೋಡಿದರು. ನಾನು ತೆಗೆದ ಯಾವ ಫೋಟೋವನ್ನೂ ಯಾರೂ ಅಷ್ಟು ಶ್ರದ್ಧೆಯಿಂದ ನೋಡಿದ್ದಿಲ್ಲ. ಮೊದಲು ನಕ್ಕದ್ದು ಬೋರೇಗೌಡರು. ಆಮೇಲೆ ಮನೆಯೆಲ್ಲ ನಕ್ಕಿತು. ಅಕ್ಕ ಅಳುತ್ತಲೇ ನಕ್ಕಳು.

ಯಾರೋ, “ಇತ್ತಲಲ್ಲಿ ಪರಂಗಿ ಗಿಡ ಅದೆ, ದಂಟು ಕುಯ್ಕಬಂದ್ರೆ ಪಾಯಸ ಈರ್ಬೋದು” ಎಂದರು.

ನಗದೇ ಇದ್ದದ್ದು ಅಜ್ಜಿ ಒಂದೇ. “ಶಾಸ್ತ್ರ ಅಂದ್ರೆ ತುತ್ತು ಕಣ್ರಪ್ಪ, ಈರೋದಲ್ಲ. ಈ ಮನೇಲಿ ತುತ್ತು ಇಡದೆ ಎದ್ದೋದೋರ ಮನೆಯಿಂದ ನಾವು ಎಣ್ಣು ತಂದಿಲ್ಲ. ತಂತಿ ತಾನೇ? ಬುಚ್ಚಿ.”

“ಡಾಕ್ಟ್ರು ಪ್ರಾಣಾಪಾಯ ಬಂದ್ರೆ ಮಾತ್ರ ಅಂದವ್ರೆ” ಎಂದೆ.

“ನನ್ ಮಗಳ ಮದುವೆ ಮುರುದ್ರೆ ನಿನ್ ಪ್ರಾಣಕ್ಕೆ ಅಪಾಯ ಅದೆ ಕಣೋ, ನನ್ ಕೈಯಲ್ಲೇ!” ಎಂದಳು ಅಕ್ಕ. ವೈದ್ಯಕೀಯವಾಗಿ ಇದು ಸಾಕಿತ್ತು.

ಕಟರ್ ಎಲ್ಲಿ? ನಂಜನಗೂಡಿನಲ್ಲಿ, ಬಿಳಿ ಅಂಗಿಯಲ್ಲಿ. ಅಷ್ಟು ಹೊತ್ತೂ ಗೋಡೆಗೊರಗಿ ನಿಂತಿದ್ದ ಮನು ಬೈಕಿನ ಡಬ್ಬಿಯಿಂದ ತನ್ನ ಕಟರ್ ತಂದ. ಬಿಸಿನೀರಿನಲ್ಲಿ ಅದ್ದಿ ತೊಳೆದ. ನನ್ನನ್ನು ಬೆಳಕಿಗೆ ಕೂರಿಸಿ, ಫೋನಿನ ಟಾರ್ಚ್ ಹಾಕಿ, ಸುಟ್ಟ ಪಂಪ್‌ಸೆಟ್ ನೋಡುವ ಹಾಗೆ ನನ್ನ ಬಾಯಿಯನ್ನು ಆಚೆಯಿಂದ ಈಚೆಯವರೆಗೆ ನೋಡಿದ.

“ವೈಂಡಿಂಗ್ ನೀಟಾಗಿ ಮಾಡವ್ರೆ ಅಂಕಲ್” ಎಂದ.

“ಬೇಗ ಕತ್ರುಸಪ್ಪ.”

“ಅಳ್ಳಾಡ್ಬೇಡಿ. ಕಾಯ್ಲು ಓದ್ರೆ ಬ್ಯಾರೆ ಸುತ್ಬೋದು. ಅಲ್ಲು ಓದ್ರೆ ನಮ್ ಅಂಗ್ಡೀಲಿ ಸಿಕ್ಕಲ್ಲ.”

ಟಕ್. ಟಕ್. ಟಕ್. ಪ್ರತಿ ಟಕ್ಕಿಗೂ ಪಂಕ್ತಿಯೆಲ್ಲ ಒಟ್ಟಿಗೆ ಕಣ್ಣು ಮುಚ್ಚಿತು. ಕೊನೆಯ ತುಂಡು ತೆಗೆದು, “ಈಗ ಬಾಯ್ ತಗೀರಿ” ಎಂದ.

ತೆಗೆಯಲು ಹೋದೆ. ತೆರೆಯಲಿಲ್ಲ!

ವಾರಗಟ್ಟಲೆ ಮುಚ್ಚಿದ್ದ ದವಡೆ ಮಳೆಗಾಲದ ಬಾಗಿಲಿನಂತೆ ಬಿಗಿದುಕೊಂಡಿತ್ತು. ಮನು ಕೆನ್ನೆಯ ಎರಡೂ ಕಡೆ ಬಿಸಿ ಬಟ್ಟೆ ಒತ್ತಿದ. ಬೋರೇಗೌಡರು “ಮೆಲ್ಗೆ, ಮೆಲ್ಗೆ” ಎಂದು ತಮ್ಮ ಬಾಯಿಯನ್ನೇ ತೆರೆದು ತೋರಿಸಿದರು. ಅವರನ್ನು ನೋಡಿ ಪಂಕ್ತಿಯವರೆಲ್ಲ ಬಾಯಿ ತೆರೆದು ಕೂತರು. ಕೊನೆಗೆ ನನ್ನದು ಒಂದು ಬೆರಳಿನಷ್ಟು ತೆರೆಯಿತು. ಅದಕ್ಕಿಂತ ಹೆಚ್ಚು ಒಂದು ಕೂದಲೆಳೆಯೂ ಇಲ್ಲ.

ಅಜ್ಜಿಗೆ ಅಷ್ಟು ಸಾಕಾಗಿತ್ತು. ಮುದ್ದೆಯಿಂದ ಗೋಲಿಯಷ್ಟು ಮುರಿದು, ಅಂಗೈಯಲ್ಲಿ ಉರುಟಿ, ಹಿತಕಿದಬೇಳೆ ಸಾರಿನಲ್ಲಿ ಹೊರಳಿಸಿ ನನ್ನ ಬಾಯಿಯ ಸಂದಿಗೆ ಇಟ್ಟಿತು.

“ಅಗೀಬ್ಯಾಡ ಕಣ್ ಮಗ. ನುಂಗು.”

ನುಂಗಿದೆ. ಮುದ್ದೆ ಯಾವ ಅಡ್ಡಿಯೂ ಇಲ್ಲದೆ, ಹಲ್ಲಿಗೆ ಒಂದು ನಮಸ್ಕಾರವನ್ನೂ ಹೇಳದೆ, ಜರ್ರನೆ ಇಳಿದುಹೋಯಿತು. ಆ ಗಳಿಗೆಯಲ್ಲಿ ನನಗೆ ನಿಜವಾದ ಜ್ಞಾನೋದಯವಾಯಿತು. ನಾನು ಹುಟ್ಟಿದ ಸೀಮೆಯಲ್ಲಿ ಊಟವನ್ನು ಅಗಿಯುವುದೇ ಇಲ್ಲ! ಎಳೆಯ ಮಗುವಿಗೆ ನಾವು ಮೊದಲು ಕಲಿಸುವುದೇ ‘ನುಂಗು’ ಎಂದು. ಅಗಿಯುವುದನ್ನು ನಿಲ್ಲಿಸಿ ಹೊಟ್ಟೆ ಕರಗಿಸುವ ಈ ಚಿಕಿತ್ಸೆಯನ್ನು ಕಂಡುಹಿಡಿದ ಪುಣ್ಯಾತ್ಮ ಒಂದೇ ಒಂದು ಸಲ ಟಿ. ನರಸೀಪುರದ ಕಡೆ ಬಂದು ಉಂಡಿದ್ದರೆ, ಬೇರೆ ಕೆಲಸ ನೋಡಿಕೊಳ್ಳುತ್ತಿದ್ದ.

“ಭೇಷ್” ಎಂದೆ. ವಾರಗಳ ನಂತರ ನನ್ನ ಬಾಯಿಂದ ಬಂದ ಮೊದಲ ಸೌಮ್ಯ ಮಾತು.

“ಕೂಡ್ತು ಬುಡಪ್ಪ” ಎಂದಿತು ಅಜ್ಜಿ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮನು ಕಟರ್ ಒರೆಸುತ್ತಾ, “ನೋಯ್ತಾ ಮಾವ?” ಎಂದ. ಅಂಕಲ್ ಹೋಗಿ ಮಾವನಾಗಲು ನನಗೆ ಅಷ್ಟು ತಂತಿ ಬೇಕಾಯಿತು.

ಆವತ್ತು ನಾನು ಆ ಒಂದು ತುತ್ತಿಗೇ ತೃಪ್ತನಾಗಿ, ಕಣ್ಣು ತುಂಬಿಕೊಂಡು, ಕೈ ತೊಳೆದೆ. ಇದು ನನ್ನ ನೆನಪು. ಗೋಲಿಯಷ್ಟು ಗೋಲಿಯಷ್ಟೇ ನುಂಗಿ ಪೂರ್ತಿ ಮುದ್ದೆ ಮುಗಿಸಿದೆ, ಇನ್ನೊಂದನ್ನು ನೋಡಿದೆ, ಉಳಿದವರೆಲ್ಲ ಎದ್ದು ಹೋಗಿ ಎಲೆಯಡಿಕೆ ಹಾಕಿಕೊಂಡು ಒಂದು ನಿದ್ದೆ ತೆಗೆಯುವವರೆಗೂ ಕೂತಿದ್ದೆ ಎಂಬುದು ಗಿರಿಜಳ ನೆನಪು. ಯಾವುದು ಎರಡನೇ ಸಲ ಕಟ್ಟಿಸಿದ ತಾಳಿ ಎಂದು ಓದುವವರು ತೀರ್ಮಾನಿಸಬೇಕು.

ಎರಡನೇ ಡಾಕ್ಟರು “ಮತ್ತೆ ಬಿಗೀಲಾ?” ಎಂದು ಕೇಳಿದರು. ಬೇಡವೆಂದೆ. ಮೊದಲನೆಯವರ ಹತ್ತಿರವೇ ಹೋದೆ. ಅವರು ಇನ್ನೊಬ್ಬರ ವಿಳಾಸ ಕೊಟ್ಟರು. ಈಗ ಅಲ್ಲಿಗೆ ಹೋಗಿ, ಬೇಜಾರಿಗೂ ಕೋಡುಬಳೆಗೂ ಏನು ನೆಂಟಸ್ತಿಕೆ ಎಂದು ಕೂತು ಮಾತಾಡಿ ಬರುತ್ತೇನೆ. ಮೊದಲ ಡಾಕ್ಟರು ಆವತ್ತು ತೋರಿಸಿದ್ದು ಫ್ಯಾನ್ ಅಲ್ಲ ಎನ್ನುವುದು ಮನದಟ್ಟಾಗಿದೆ. ತೂಕ ಇಳಿಯುತ್ತಿದೆಯೋ ಎಂದರೆ, ಸ್ಟೂಲು ಮೊದಲಿನಷ್ಟು ಮರುಗುವುದಿಲ್ಲ.

ಚಂದನಳ ಮದುವೆಯೂ ಆಯಿತು. ಸೋದರಮಾವ ನಾನು ವೇದಿಕೆಯ ಮೇಲಿದ್ದುದರಿಂದ ಫೋಟೋಕ್ಕೆ ಬೇರೆಯವನನ್ನು ಕರೆಸಿದ್ದೆವು. ಗುಂಪು ಫೋಟೋಕ್ಕೆ ಎಲ್ಲರನ್ನೂ ನಿಲ್ಲಿಸಿ ಅವನು, “ಎಲ್ಲಾರೂ ಸ್ಮೈಲ್!” ಎಂದ. ಆಲ್ಬಮ್ ಬಂದಿದೆ. ಚಂದನ, ಮನು, ಅಕ್ಕ, ಗಿರಿಜ, ಬೋರೇಗೌಡರು ಎಲ್ಲರೂ ಹಲ್ಲು ಕಾಣುವಂತೆ ನಗುತ್ತಿದ್ದಾರೆ. ಅಜ್ಜಿ ಇಲ್ಲದ ಹಲ್ಲನ್ನೂ ತೋರಿಸಿದೆ. ನಾನೊಬ್ಬನೇ ತುಟಿ ಬಿಗಿ ಮುಚ್ಚಿ ಗಂಭೀರವಾಗಿ ನಿಂತಿದ್ದೇನೆ. ನೋಡಿದವರೆಲ್ಲ, “ಮಾವಂಗೆ ಎಷ್ಟು ಸಂಯಮ ಬಂದದೆ ನೋಡಿ” ಎನ್ನುತ್ತಾರೆ. ನಾನೂ ಒಪ್ಪಿಕೊಳ್ಳುತ್ತಿದ್ದೆ, ಗಿರಿಜ ಬಿಡಬೇಕಲ್ಲ.

ನನ್ನ ಬಾಯಲ್ಲಿ ಇಡೀ ಒಂದು ಒಬ್ಬಟ್ಟಿತ್ತು.